ಲ್ಯಾಪ್‌ಟಾಪಿನ ಫೈಲು, ಕಟಕಟೆಯ ಮಾತು

ವಿಯೆಟ್ನಾಂ ಯುದ್ಧದ ಮೇಲಿನ ಸಿಟ್ಟಿನಲ್ಲಿ ವಿಲಿಯಂ ಪೊವೆಲ್ ಎಂಬ ಅಮೆರಿಕದ ಹುಡುಗ ಬರೆದ ‘ದಿ ಅನಾರ್ಕಿಸ್ಟ್ ಕುಕ್‌ಬುಕ್’ 1971ರಲ್ಲಿ ಅಚ್ಚಾಯಿತು. ಬಾಂಬು ಕಟ್ಟುವುದರಿಂದ ಹಿಡಿದು ಮಾದಕ ವಸ್ತು ತಯಾರಿಸುವವರೆಗೆ ಎಲ್ಲವೂ ಅದರಲ್ಲಿತ್ತು. ಮುಂದೆ ಶಿಕ್ಷಕನಾದ ಪೊವೆಲ್, ಈ ಪುಸ್ತಕ ಇನ್ನು ಅಚ್ಚಾಗುವುದು ಬೇಡ ಎಂದು ತಾನೇ ಬಹಿರಂಗವಾಗಿ ಕೇಳಿಕೊಂಡ. ಹಕ್ಕು ಅವನ ಕೈಯಲ್ಲಿರಲಿಲ್ಲ, ಪುಸ್ತಕ ನಿಲ್ಲಲಿಲ್ಲ. ಇಂಟರ್ನೆಟ್ ಬಂದ ಮೇಲಂತೂ ಅದರ ಪಿಡಿಎಫ್ ಹುಡುಕಿದವರಿಗೆಲ್ಲ ಸಿಗುತ್ತದೆ.

ಇಂಗ್ಲೆಂಡಿನ ಎರಡು ಭಯೋತ್ಪಾದನಾ ಮೊಕದ್ದಮೆಗಳು ಇದೇ ಪುಸ್ತಕದ ಸುತ್ತ ನಡೆದವು. 2017ರ ಅಕ್ಟೋಬರಿನಲ್ಲಿ ಬರ್ಮಿಂಗ್‌ಹ್ಯಾಂ ಕ್ರೌನ್ ಕೋರ್ಟಿನ ಕಟಕಟೆಯಲ್ಲಿ ನಿಂತವನು, ಸಿರಿಯಾಕ್ಕೆ ಹೋಗಿ ಕುರ್ದಿಶ್ ಪಡೆಯ ಜೊತೆ ಸೇರಿ ಐಸಿಸ್ ವಿರುದ್ಧವೇ ಹೋರಾಡಿ ಬಂದಿದ್ದ ವಿದ್ಯಾರ್ಥಿ. ಅವನ ಕೋಣೆಯಲ್ಲಿ ಪುಸ್ತಕದ ಕೆಲವು ಭಾಗಗಳ ಪ್ರಿಂಟ್‌ಔಟ್ ಸಿಕ್ಕಿತ್ತು. ವಿಶ್ವವಿದ್ಯಾಲಯದ ಸಂಘವೊಂದರಲ್ಲಿ ಬಿಕ್ಕಟ್ಟಿನ ಸನ್ನಿವೇಶಗಳನ್ನು ಆಟದ ರೂಪದಲ್ಲಿ ಆಡುತ್ತಿದ್ದೆವು, ಆಟ ನಿಜದಂತೆ ಕಾಣಲೆಂದು ಪ್ರಿಂಟ್ ತೆಗೆದಿದ್ದೆ ಎಂದು ಅವನು ಹೇಳಿದ. ಖುಲಾಸೆಯಾಯಿತು. 2021ರ ಆಗಸ್ಟಿನಲ್ಲಿ ಲೆಸ್ಟರ್ ಕ್ರೌನ್ ಕೋರ್ಟಿನ ಮುಂದೆ ಬಂದವನೂ ವಿದ್ಯಾರ್ಥಿಯೇ. ಅವನ ಹಾರ್ಡ್ ಡಿಸ್ಕುಗಳಲ್ಲಿ 67,788 ದಾಖಲೆಗಳಿದ್ದವು. ಬಿಳಿಯರ ಶ್ರೇಷ್ಠತೆ ಸಾರುವ, ಯೆಹೂದಿಗಳನ್ನು ದ್ವೇಷಿಸುವ ಬರಹಗಳ ರಾಶಿ. ಆದರೆ ಶಿಕ್ಷೆಗೆ ಆಧಾರವಾದದ್ದು ಆ ರಾಶಿಯಲ್ಲ, ಇದೇ ಕುಕ್‌ಬುಕ್. ಜ್ಯೂರಿ ತಪ್ಪಿತಸ್ಥನೆಂದಿತು.

ಜ್ಯೂರಿ ಕಾರಣ ಕೊಡುವುದಿಲ್ಲ. ಒಬ್ಬನ ಮಾತನ್ನು ನಂಬಿ ಇನ್ನೊಬ್ಬನ ಮಾತನ್ನು ಏಕೆ ತಳ್ಳಿಹಾಕಿದರು ಎಂಬುದು ಆ ಎರಡು ಜ್ಯೂರಿಗಳ ಕೋಣೆಗಳಲ್ಲೇ ಉಳಿಯಿತು. ಆರೋಪಿಯ ಸಾಧನದಲ್ಲಿ ಉಗ್ರವಾದದ ಫೈಲು ಸಿಕ್ಕಾಗ, ‘ಕುತೂಹಲಕ್ಕೆ ಇಳಿಸಿಕೊಂಡೆ’, ‘ಓದೇ ಇಲ್ಲ’, ‘ಯಾರೋ ಕಳಿಸಿದ್ದು’, ‘ನಾನು ಹಾಕಿದ್ದೇ ಅಲ್ಲ’ ಎಂಬ ಮಾತನ್ನು ಯಾವ ತಕ್ಕಡಿಯಲ್ಲಿಟ್ಟು ತೂಗಬೇಕು? ಇಪ್ಪತ್ತೈದು ವರ್ಷಗಳಲ್ಲಿ ಹಲವು ದೇಶಗಳ ಕೋರ್ಟುಗಳು ಇದಕ್ಕೆ ಹಲವು ಉತ್ತರ ಕೊಟ್ಟಿವೆ.

ಫೈಲೇ ಅಪರಾಧವೋ, ಫೈಲು ಬರೀ ಸಾಕ್ಷ್ಯವೋ?

ಎಲ್ಲಕ್ಕಿಂತ ಮೊದಲ ಕವಲು ಇದು. ಬ್ರಿಟನ್ನಿನ 2000ರ ಭಯೋತ್ಪಾದನಾ ಕಾಯ್ದೆಯ 58ನೇ ಸೆಕ್ಷನ್ ಪ್ರಕಾರ, ಭಯೋತ್ಪಾದಕನಿಗೆ ಉಪಯೋಗವಾಗಬಲ್ಲ ಮಾಹಿತಿಯನ್ನು ಇಟ್ಟುಕೊಳ್ಳುವುದೇ ಅಪರಾಧ. ಆರೋಪಿಗೆ ಭಯೋತ್ಪಾದನೆಯ ಉದ್ದೇಶವಿತ್ತೆಂದು ಪ್ರಾಸಿಕ್ಯೂಷನ್ ತೋರಿಸಬೇಕಿಲ್ಲ. ‘ಸಮಂಜಸ ಕಾರಣ’ ಇದ್ದರೆ ಮಾತ್ರ ಪಾರು. ಹೀಗಾಗಿ ಇಡೀ ಮೊಕದ್ದಮೆ ಆರೋಪಿಯ ವಿವರಣೆಯ ಮೇಲೆ ಬಂದು ನಿಲ್ಲುತ್ತದೆ. ಅವನು ಕಾರಣಕ್ಕೆ ಒಂದಿಷ್ಟು ಆಧಾರ ಮುಂದಿಟ್ಟರೆ ಸಾಕು, ಅದು ಸುಳ್ಳೆಂದು ಸಂಶಯಾತೀತವಾಗಿ ತೋರಿಸುವ ಹೊಣೆ ಮತ್ತೆ ಪ್ರಾಸಿಕ್ಯೂಷನ್ನಿನದು.

ಈ ಸೆಕ್ಷನ್ನಿನ ಬಲೆ ಎಷ್ಟು ಅಗಲ ಎಂಬುದು ಬೇಗನೆ ತಿಳಿಯಿತು. 2008ರ ಮೇ ತಿಂಗಳಲ್ಲಿ ನಾಟಿಂಗ್‌ಹ್ಯಾಂ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನನ್ನು ಅಲ್‌ಖೈದಾದ ತರಬೇತಿ ಕೈಪಿಡಿ ಇಳಿಸಿಕೊಂಡದ್ದಕ್ಕೆ ಬಂಧಿಸಿದರು. ಅವನು ಓದುತ್ತಿದ್ದದ್ದೇ ಆ ವಿಷಯ. ಕೈಪಿಡಿ ಸಿಕ್ಕಿದ್ದು ಅಮೆರಿಕದ ನ್ಯಾಯಾಂಗ ಇಲಾಖೆಯ ವೆಬ್‌ಸೈಟಿನಲ್ಲಿ. ಆರು ದಿನ ಲಾಕಪ್ಪಿನಲ್ಲಿಟ್ಟು ಆರೋಪವಿಲ್ಲದೆ ಬಿಟ್ಟರು. 2011ರಲ್ಲಿ ಪೊಲೀಸರು 20,000 ಪೌಂಡ್ ಪರಿಹಾರ ತೆತ್ತರು. ಅದೇ 2008ರಲ್ಲಿ ಹೀಥ್ರೂ ವಿಮಾನ ನಿಲ್ದಾಣದ ಅಂಗಡಿಯ ಕೆಲಸಗಾರ್ತಿಯೊಬ್ಬಳ ಶಿಕ್ಷೆಯನ್ನು ಮೇಲ್ಮನವಿ ಕೋರ್ಟು ರದ್ದು ಮಾಡಿತು. ‘ಲಿರಿಕಲ್ ಟೆರರಿಸ್ಟ್’ ಎಂದು ಅಡ್ಡಹೆಸರಿಟ್ಟುಕೊಂಡು ಶಿರಚ್ಛೇದದ ಪದ್ಯ ಬರೆಯುತ್ತಿದ್ದವಳು. ಹೆಸರು ಕೇಳಲು ಚೆಂದ ಅನಿಸಿತು, ಅಷ್ಟೇ ಅಂದಿದ್ದಳು. ಪ್ರಚಾರ ಸಾಹಿತ್ಯ ಬೇರೆ, ಕೃತ್ಯಕ್ಕೆ ನೇರವಾಗಿ ನೆರವಾಗುವ ಮಾಹಿತಿ ಬೇರೆ ಎಂಬ ಗೆರೆಯನ್ನು ಕೋರ್ಟು ಅದೇ ವರ್ಷ ಎಳೆದಿತ್ತು. ಜ್ಯೂರಿ ಎರಡನ್ನೂ ಕಲಸಿಕೊಂಡಿರಬಹುದು ಎಂಬ ಅನುಮಾನವೇ ಅವಳನ್ನು ಉಳಿಸಿತು.

ಇನ್ನೊಂದು ಸೂಕ್ಷ್ಮ 2009ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿನಿಂದ ಹೊರಬಂತು. ಮಾನಸಿಕ ಕಾಯಿಲೆಯಿದ್ದ ಕೈದಿಯೊಬ್ಬ ಜೈಲಿನ ಸಿಬ್ಬಂದಿಯನ್ನು ಕೆಣಕಲೆಂದೇ ಬಾಂಬಿನ ಮಾಹಿತಿ ಕೂಡಿಟ್ಟಿದ್ದ. ವೈದ್ಯರೂ ಹಾಗೇ ಹೇಳಿದರು. ಮಾತು ನಿಜವೇ ಇರಬಹುದು, ಆದರೂ ಅದು ಸಮಂಜಸ ಕಾರಣವಾಗದು ಎಂದರು ಲಾರ್ಡ್‌ಗಳು. ಅಂದರೆ ನಂಬಿಸಿದರಷ್ಟೇ ಸಾಲದು. ನಂಬಿದ ಮೇಲೂ ‘ಇದು ಒಪ್ಪತಕ್ಕ ಕಾರಣವೇ?’ ಎಂಬ ಎರಡನೇ ಬಾಗಿಲು ಇದೆ. ನನ್ನ ಮಟ್ಟಿಗೆ ಇದು ಆ ಕಾಯ್ದೆಯ ಅತಿ ಕಠಿಣ ಮೂಲೆ. 2019ರ ತಿದ್ದುಪಡಿ ಇಳಿಸಿಕೊಳ್ಳದೆ ಆನ್‌ಲೈನಿನಲ್ಲಿ ನೋಡಿದರೂ ಅಪರಾಧ ಎಂದಿತು, ಗರಿಷ್ಠ ಶಿಕ್ಷೆಯನ್ನು 10ರಿಂದ 15 ವರ್ಷಕ್ಕೆ ಏರಿಸಿತು. ಜೊತೆಗೆ ಪತ್ರಿಕೋದ್ಯಮ ಮತ್ತು ಅಧ್ಯಯನವನ್ನು ಸಮಂಜಸ ಕಾರಣವೆಂದು ಹೆಸರಿಟ್ಟು ಹೇಳಿತು.

ಫ್ರಾನ್ಸು ಇದೇ ದಾರಿ ಹಿಡಿಯಲು ಹೋಗಿ ಎಡವಿತು. ಭಯೋತ್ಪಾದನೆಯನ್ನು ಹೊಗಳುವ ವೆಬ್‌ಸೈಟುಗಳನ್ನು ಪದೇಪದೇ ನೋಡುವುದೇ ಅಪರಾಧ ಎಂದು 2016ರಲ್ಲಿ ಕಾನೂನು ಮಾಡಿದರು. 2017ರ ಫೆಬ್ರವರಿಯಲ್ಲಿ ಸಂವಿಧಾನ ಮಂಡಳಿ ಅದನ್ನು ಹೊಡೆದುಹಾಕಿತು. ನೋಡುವುದರ ಜೊತೆಗೆ ಆ ಸಿದ್ಧಾಂತಕ್ಕೆ ಒಲವೂ ಕಾಣಬೇಕು ಎಂಬ ಷರತ್ತು ಸೇರಿಸಿ ಸಂಸತ್ತು ಅದೇ ತಿಂಗಳು ಅದನ್ನು ಮರಳಿ ತಂದಿತು. ಡಿಸೆಂಬರಿನಲ್ಲಿ ಅದೂ ಬಿತ್ತು. ಒಲವಿದ್ದ ಮಾತ್ರಕ್ಕೆ ಕೃತ್ಯವೆಸಗುವ ಸಂಕಲ್ಪವಿದೆ ಎಂದಾಗದು ಎಂಬುದು ಮಂಡಳಿಯ ನಿಲುವು.

ಭಾರತದ ಯುಎಪಿಎಯಲ್ಲಿ ಬ್ರಿಟನ್ನಿನಂತೆ ದಾಖಲೆ ಇಟ್ಟುಕೊಂಡದ್ದಕ್ಕೇ ಶಿಕ್ಷೆ ಕೊಡುವ ಸೆಕ್ಷನ್ ಇಲ್ಲ. ಭಯೋತ್ಪಾದಕ ಸಂಘಟನೆಯೊಂದಿಗಿನ ಸಂಬಂಧವನ್ನು ಹೇಳುವ 38ನೇ ಸೆಕ್ಷನ್, ಬೆಂಬಲವನ್ನು ಹೇಳುವ 39ನೇ ಸೆಕ್ಷನ್, ಎರಡೂ ಸಂಘಟನೆಯ ಕೆಲಸವನ್ನು ಮುಂದುವರಿಸುವ ಉದ್ದೇಶವನ್ನು ಬಯಸುತ್ತವೆ. ಕಾಗದದ ಮೇಲೆ ಇದು ಆರೋಪಿಗೆ ಎಷ್ಟೋ ವಾಸಿ. ಕಾಗದದಾಚೆ ಏನಾಗುತ್ತದೆ ಎಂಬುದನ್ನು ಮುಂದೆ ನೋಡೋಣ.

ಮುಖ ನೋಡಿ ಅಳೆಯುವವರು

ಸಾಕ್ಷಿಕಟ್ಟೆಯಲ್ಲಿ ನಿಂತವನ ಮುಖ, ದನಿ, ತಡವರಿಕೆ ನೋಡಿ ಸತ್ಯ ಹಿಡಿಯಬಹುದೆಂಬ ನಂಬಿಕೆ ಕೋರ್ಟುಗಳಷ್ಟೇ ಹಳೆಯದು. ಸಾಕ್ಷಿಯ ನಡವಳಿಕೆಯನ್ನು ಗುರುತು ಹಾಕಿಕೊಳ್ಳಲು ನಮ್ಮ ದಂಡಪ್ರಕ್ರಿಯಾ ಸಂಹಿತೆಯೂ ನ್ಯಾಯಾಧೀಶರಿಗೆ ಅವಕಾಶ ಕೊಟ್ಟಿತ್ತು. ಮನಶ್ಶಾಸ್ತ್ರ ಈ ನಂಬಿಕೆಗೆ ಒಲಿದಿಲ್ಲ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ 2006ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ, ಸುಳ್ಳು-ನಿಜ ಬೇರ್ಪಡಿಸುವಲ್ಲಿ ಜನ ಸರಿಯಾದದ್ದು ಸರಾಸರಿ ನೂರಕ್ಕೆ 54 ಸಲ. ನಾಣ್ಯ ಚಿಮ್ಮಿದ್ದರೆ 50 ಸಿಗುತ್ತಿತ್ತು. ಅನುವಾದಕನ ಮೂಲಕ ಮಾತಾಡುವ, ಬೇರೆ ಸಂಸ್ಕೃತಿಯಿಂದ ಬಂದ ಆರೋಪಿಯಾದರೆ ಮುಖವನ್ನು ಓದುವುದು ಇನ್ನೂ ಕಷ್ಟ.

ಯಂತ್ರಕ್ಕೆ ಕಟ್ಟಿ ಸತ್ಯ ಹೊರಡಿಸುವ ಆಸೆಯೂ ಇದೇ ಪಂಗಡದ್ದು. ಮಂಪರು ಪರೀಕ್ಷೆ ಎಂದರೆ ಒಂದು ಕಾಲಕ್ಕೆ ತನಿಖಾಧಿಕಾರಿಗಳ ಕಣ್ಣು ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದ ಕಡೆ ಹೊರಳುತ್ತಿತ್ತು. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಮಂಪರು, ಪಾಲಿಗ್ರಾಫ್, ಮಿದುಳಿನ ಅಲೆಗಳ ಪರೀಕ್ಷೆ ಮಾಡುವಂತಿಲ್ಲ ಎಂದು ಆ ಅಧ್ಯಾಯ ಮುಚ್ಚಿತು.

ಯಂತ್ರದ ಸಾಕ್ಷಿ

ಮನುಷ್ಯ ಸುಳ್ಳು ಹೇಳಬಹುದು, ಹಾರ್ಡ್ ಡಿಸ್ಕ್ ಹೇಳದು ಎನ್ನುವವರು ಎರಡನೇ ಪಂಗಡ. ಇವರ ಕೈಯಲ್ಲಿ ನಿಜಕ್ಕೂ ಹೆಚ್ಚಿನ ಸರಕಿದೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು.

‘ಆ ಪಿಡಿಎಫ್ ಬಂದದ್ದೇ ಗೊತ್ತಿಲ್ಲ’ ಎಂದು ಆರೋಪಿ ಹೇಳಿದನೆನ್ನಿ. ಪರೀಕ್ಷಕ ಮೊದಲು ಡಿಸ್ಕಿನ ತದ್ರೂಪು ಪ್ರತಿ ಮಾಡಿಕೊಂಡು, ಮೂಲಕ್ಕೂ ಪ್ರತಿಗೂ ಹ್ಯಾಷ್ ಸಂಖ್ಯೆ ತಾಳೆಯಾಗುತ್ತದೆಯೇ ನೋಡುತ್ತಾನೆ. ಆಮೇಲೆ ಹುಡುಕುವುದು ಫೈಲನ್ನಲ್ಲ, ಫೈಲಿನ ಹೆಜ್ಜೆಗುರುತನ್ನು. ವಿಂಡೋಸಿನಲ್ಲಿ ಫೈಲೊಂದನ್ನು ತೆರೆದರೆ ಸಾಮಾನ್ಯವಾಗಿ ಒಂದು ಶಾರ್ಟ್‌ಕಟ್ ತಾನೇ ಹುಟ್ಟಿಕೊಳ್ಳುತ್ತದೆ. ಇತ್ತೀಚೆಗೆ ತೆರೆದ ಕಡತಗಳ ಪಟ್ಟಿಯಲ್ಲಿ ಅದರ ಹೆಸರು ಕೂರುತ್ತದೆ. ಯಾವ ಪೆನ್‌ಡ್ರೈವ್ ಯಾವಾಗ ಚುಚ್ಚಿದ್ದು ಎಂಬುದೂ ದಾಖಲಾಗುತ್ತದೆ. ಬ್ರೌಸರಿನಲ್ಲಿ ಆ ಪುಸ್ತಕದ ಹೆಸರು ಟೈಪಿಸಿ ಹುಡುಕಿದ ಚರಿತ್ರೆ ಸಿಕ್ಕರೆ ‘ಗೊತ್ತಿಲ್ಲ’ ಎಂಬ ಮಾತು ಅಲ್ಲಿಗೇ ಬಿತ್ತು. ಇದರ ಬದಲು ಫೈಲು ವಾಟ್ಸ್‌ಆ್ಯಪ್ ಮೀಡಿಯಾ ಫೋಲ್ಡರಿನಲ್ಲಿ, ಮದುವೆ ಫೋಟೊ, ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಸಿಕ್ಕಿದೆ, ಆಟೊ ಡೌನ್‌ಲೋಡ್ ಆನ್ ಆಗಿತ್ತು ಎಂದಾದರೆ ಅದೇ ಮಾತಿಗೆ ಜೀವ ಬರುತ್ತದೆ.

ಆದರೆ ಯಂತ್ರವೂ ನಂಬಿದಷ್ಟು ಸಾಚಾ ಅಲ್ಲ. ವಿಂಡೋಸ್ ವಿಸ್ಟಾ ಬಂದಾಗಿನಿಂದ ಬಹುಕಾಲ, ಫೈಲು ಕೊನೆಯ ಸಲ ತೆರೆದ ಸಮಯವನ್ನು ಬರೆದಿಡುವ ವ್ಯವಸ್ಥೆಯೇ ಮೂಲ ಸೆಟ್ಟಿಂಗಿನಲ್ಲಿ ನಿಂತುಹೋಗಿತ್ತು. ಆಂಟಿವೈರಸ್ ಮುಟ್ಟಿದ್ದನ್ನು ಮನುಷ್ಯ ತೆರೆದದ್ದೆಂದು ತಪ್ಪು ತಿಳಿಯುವ ಅಪಾಯವೂ ಉಂಟು. ಫೋಲ್ಡರ್ ತೆರೆದ ಮಾತ್ರಕ್ಕೆ ಅದರೊಳಗಿನ ಚಿತ್ರಗಳ ಥಂಬ್‌ನೇಲ್‌ಗಳನ್ನು ಯಂತ್ರ ತಾನೇ ಮಾಡಿಟ್ಟುಕೊಳ್ಳುತ್ತದೆ. ಅಳಿಸಿದ ಫೈಲು ಡಿಸ್ಕಿನ ಮೂಲೆಯಲ್ಲಿ ಉಳಿದಿದ್ದರೆ ಅದು ‘ಇಟ್ಟುಕೊಂಡಂತೆ’ ಆಗುತ್ತದೆಯೇ? ಮರಳಿ ಪಡೆಯುವ ಸಾಧನವಾಗಲಿ ಪರಿಣತಿಯಾಗಲಿ ಇಲ್ಲದವನ ವಶದಲ್ಲಿ ಅದು ಇಲ್ಲವೆಂದೇ ತಿಳಿಯಬೇಕು ಎಂದು ಇಂಗ್ಲೆಂಡಿನ ಮೇಲ್ಮನವಿ ಕೋರ್ಟು 2006ರಲ್ಲಿ, ಮಕ್ಕಳ ಅಶ್ಲೀಲ ಚಿತ್ರಗಳ ಪ್ರಕರಣವೊಂದರಲ್ಲಿ ಹೇಳಿತು.

‘ನಾನು ಹಾಕಿದ್ದಲ್ಲ, ಯಾರೋ ತೂರಿಸಿದ್ದು’ ಎಂಬ ವಾದಕ್ಕೆ ಟ್ರೋಜನ್ ಡಿಫೆನ್ಸ್ ಎಂದೇ ಹೆಸರು. 2003ರಲ್ಲಿ ಲಂಡನ್ನಿನ ಸದರ್ಕ್ ಕೋರ್ಟಿನಲ್ಲಿ, ಹ್ಯೂಸ್ಟನ್ ಬಂದರಿನ ಕಂಪ್ಯೂಟರುಗಳನ್ನು ಕೆಡಿಸಿದ ಆರೋಪ ಹೊತ್ತ ಹುಡುಗನ ಯಂತ್ರದಲ್ಲಿ ಯಾವ ಟ್ರೋಜನ್ನೂ ಸಿಗಲಿಲ್ಲ. ಅದು ತನ್ನನ್ನು ತಾನೇ ಅಳಿಸಿಕೊಂಡಿತು ಎಂದ, ಖುಲಾಸೆಯಾದ. ಆಗ ಪೊಲೀಸರು ತಲೆ ಚಚ್ಚಿಕೊಂಡರು. ಹದಿನೆಂಟು ವರ್ಷಗಳ ನಂತರ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಅದೇ ವಾದ ತೀರಾ ಗಟ್ಟಿಯಾಗಿ ಮರಳಿ ಬಂತು. ಆರೋಪಿ ರೋನಾ ವಿಲ್ಸನ್ ಲ್ಯಾಪ್‌ಟಾಪಿನ ಪ್ರತಿಯನ್ನು ಪರೀಕ್ಷಿಸಿದ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್, 2021ರ ಫೆಬ್ರವರಿಯ ವರದಿಯಲ್ಲಿ ಹೀಗೆಂದಿತು: ನೆಟ್‌ವೈರ್ ಎಂಬ ಕುತಂತ್ರಾಂಶದ ಮೂಲಕ ಯಾರೋ ಸುಮಾರು 22 ತಿಂಗಳು ಆ ಯಂತ್ರದೊಳಗೆ ಓಡಾಡಿದ್ದಾರೆ, ಸಾಕ್ಷ್ಯವೆಂದು ಮುಂದಿಟ್ಟ ಪತ್ರಗಳನ್ನು ಅಡಗಿಸಿಟ್ಟ ಫೋಲ್ಡರಿಗೆ ತಂದು ಹಾಕಿದ್ದಾರೆ, ಆ ಪತ್ರಗಳನ್ನು ಆ ಲ್ಯಾಪ್‌ಟಾಪಿನಲ್ಲಿ ಎಂದೂ ತೆರೆದ ಕುರುಹಿಲ್ಲ. ಎನ್‌ಐಎ ಈ ವರದಿಯನ್ನು ಒಪ್ಪಿಲ್ಲ.

ಸುಳ್ಳಿಗೆಷ್ಟು ತೂಕ?

ಆರೋಪಿ ಸುಳ್ಳು ಹೇಳಿದ್ದು ಸಾಬೀತಾಯಿತು ಎಂದಿಟ್ಟುಕೊಳ್ಳಿ. ಅಲ್ಲಿಗೆ ಅಪರಾಧವೂ ಸಾಬೀತೇ? ಈ ಪ್ರಶ್ನೆಯಲ್ಲಿ ಇಂಗ್ಲೆಂಡೂ ಭಾರತವೂ ಹತ್ತಿರ ಹತ್ತಿರ ಬರುತ್ತವೆ. 1981ರ ಲೂಕಸ್ ತೀರ್ಪಿನ ಪ್ರಕಾರ, ಸುಳ್ಳು ಬೇಕೆಂದೇ ಹೇಳಿದ್ದಾಗಿರಬೇಕು, ಮುಖ್ಯ ವಿಷಯಕ್ಕೆ ಸಂಬಂಧಿಸಿರಬೇಕು, ತಪ್ಪು ಮಾಡಿದ ಅರಿವಿನಿಂದ ಹುಟ್ಟಿರಬೇಕು, ಬೇರೆ ಸಾಕ್ಷ್ಯದಿಂದ ಸುಳ್ಳೆಂದು ಗೊತ್ತಾಗಬೇಕು. ಮನೆಯವರ ಮುಂದೆ ನಾಚಿಕೆಗೆ, ಪೊಲೀಸರ ಹೆದರಿಕೆಗೆ ಜನ ಸುಳ್ಳು ಹೇಳುತ್ತಾರೆ ಎಂದು ಜ್ಯೂರಿಗೆ ನೆನಪಿಸಬೇಕು. 1984ರ ಶರದ್ ಬಿರ್ದಿಚಂದ್ ಸಾರ್ದಾ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟು ಇನ್ನೂ ಬಿಗಿಯಾದ ಮಾತಾಡಿತು: ಆರೋಪಿಯ ಸುಳ್ಳು ವಿವರಣೆ ಸಾಕ್ಷ್ಯದ ಸರಪಳಿಗೆ ಒಂದು ಕೊಂಡಿಯಾಗಿ ಸೇರಬಹುದು, ಆದರೆ ಸರಪಳಿ ಅದಿಲ್ಲದೆಯೂ ಪೂರ್ತಿಯಾಗಿದ್ದಾಗ ಮಾತ್ರ. ಹರಿದ ಜಾಗಕ್ಕೆ ಸುಳ್ಳನ್ನು ತೇಪೆ ಹಚ್ಚುವಂತಿಲ್ಲ.

ಸುಮ್ಮನಿರುವವನ ಕಥೆ ಬೇರೆ. ಸಾಕ್ಷಿಕಟ್ಟೆ ಹತ್ತದ ಆರೋಪಿಯ ಮೌನದಿಂದ ಪ್ರತಿಕೂಲ ಅರ್ಥ ತೆಗೆಯಲು ಇಂಗ್ಲೆಂಡಿನ 1994ರ ಕಾಯ್ದೆ ಬಿಡುತ್ತದೆ. ಅಮೆರಿಕದಲ್ಲಿ 1965ರ ಗ್ರಿಫಿನ್ ತೀರ್ಪಿನಿಂದಾಚೆ ಮೌನದ ಬಗ್ಗೆ ಪ್ರಾಸಿಕ್ಯೂಟರ್ ತುಟಿ ಬಿಚ್ಚುವಂತಿಲ್ಲ. ನಮ್ಮಲ್ಲಿ ಆರೋಪಿ ಪ್ರಮಾಣ ಮಾಡಿ ಪಾಟೀಸವಾಲಿಗೆ ನಿಲ್ಲುವುದೇ ಅಪರೂಪ. ಇರುವುದು ದಂಡಪ್ರಕ್ರಿಯಾ ಸಂಹಿತೆಯ 313ನೇ ಸೆಕ್ಷನ್ನಿನ ಹೇಳಿಕೆ. ಹೊಸ ಸಂಹಿತೆಯಲ್ಲಿ ಅದು 351. ನ್ಯಾಯಾಧೀಶರು ಸಾಕ್ಷ್ಯವನ್ನು ಒಂದೊಂದಾಗಿ ಹೇಳಿ ‘ಏನಂತೀರಿ?’ ಎಂದು ಕೇಳುತ್ತಾರೆ. ಉತ್ತರ ‘ಸುಳ್ಳು’, ‘ಗೊತ್ತಿಲ್ಲ’, ‘ಸುಳ್ಳು’ ಎಂದು ಸಾಲಾಗಿ ಟೈಪಾಗುತ್ತದೆ. ಎಷ್ಟೋ ವಕೀಲರು ಇದನ್ನೇ ಸುರಕ್ಷಿತ ಎಂದು ಹೇಳಿಕೊಡುತ್ತಾರೆ. ಫೈಲು ಏಕೆ ಬಂತು, ಯಾವಾಗ ಬಂತು ಎಂದು ವಿವರಿಸಬಹುದಾಗಿದ್ದ ಒಂದೇ ಅವಕಾಶ ಹೀಗೆ ಕೈಜಾರುತ್ತದೆ.

ಇಡೀ ಕಪಾಟನ್ನು ಓದುವವರು

ಒಂದು ಫೈಲನ್ನಲ್ಲ, ಒಟ್ಟು ಸಂಗ್ರಹವನ್ನು ನೋಡಿ ಮನಸ್ಸನ್ನು ತಿಳಿಯಬೇಕು ಎನ್ನುವುದು ಇನ್ನೊಂದು ಪಂಗಡ. ಸಂಶೋಧಕನೆಂದು ಹೇಳಿಕೊಳ್ಳುವವನ ಬಳಿ ಟಿಪ್ಪಣಿ, ಕರಡು, ಎದುರು ಪಕ್ಷದ ಬರಹಗಳು ಇರಬೇಕಲ್ಲ ಎಂಬ ಅವರ ಪ್ರಶ್ನೆಯಲ್ಲಿ ಹುರುಳಿದೆ. ಅಪಾಯವೂ ಅಲ್ಲೇ ಇದೆ. ಅಮೆರಿಕದಲ್ಲಿ ಉಗ್ರ ಬರಹಗಳನ್ನು ಅನುವಾದಿಸಿದ ಆರೋಪವೂ ಸೇರಿದಂತೆ ಹಲವು ಆರೋಪ ಹೊತ್ತಿದ್ದ ತಾರಿಕ್ ಮೆಹನ್ನಾ ವಿಚಾರಣೆಯಲ್ಲಿ ಅವಳಿ ಗೋಪುರ ಉರಿಯುವ ಚಿತ್ರಗಳನ್ನೂ ಜ್ಯೂರಿಗೆ ತೋರಿಸಿದರು. ರಕ್ತ ಕುದಿಸುವ ಚಿತ್ರ ನೋಡಿದ ಮೇಲೆ ಆರೋಪಿಯ ಮಾತು ಕಿವಿಗೆ ಬೀಳುತ್ತದೆಯೇ ಎಂಬ ಆಕ್ಷೇಪವನ್ನು ಮೇಲ್ಮನವಿ ಕೋರ್ಟು 2013ರಲ್ಲಿ ಒಪ್ಪಲಿಲ್ಲ. ಕ್ಯಾಲಿಫೋರ್ನಿಯಾದ ಲೋಡಿ ಊರಿನ ಯುವಕನೊಬ್ಬನ ಜೇಬಿನಲ್ಲಿದ್ದ ಅರಬ್ಬಿ ಪ್ರಾರ್ಥನೆಯ ಚೀಟಿ ಜಿಹಾದಿಯ ಗುರುತು ಎಂದು ತಜ್ಞರೊಬ್ಬರು 2006ರಲ್ಲಿ ಸಾಕ್ಷ್ಯ ನುಡಿದರು. ಅವನ ವಕೀಲರು ಸರಿಯಾಗಿ ವಾದಿಸಲಿಲ್ಲ ಎಂಬ ಕಾರಣಕ್ಕೆ ಶಿಕ್ಷೆ ರದ್ದಾಗುವಷ್ಟರಲ್ಲಿ 2019 ಬಂದಿತ್ತು, ಹದಿನಾಲ್ಕು ವರ್ಷ ಜೈಲಿನಲ್ಲಿ ಕಳೆದಿದ್ದವು.

ಕಪಾಟು ಓದುವ ಚಟ ನಮ್ಮ ಕರಾವಳಿಗೂ ಹೊಸದಲ್ಲ. 2012ರ ಮಾರ್ಚಿನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನಲ್ಲಿ, ಮಂಗಳೂರು ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿದ್ಯಾರ್ಥಿಯನ್ನೂ ಅವನ ತಂದೆಯನ್ನೂ ನಕ್ಸಲ್ ನಂಟಿನ ಆರೋಪದ ಮೇಲೆ ಬಂಧಿಸಿದರು. ಸಾಕ್ಷ್ಯವೆಂದು ಮುಂದಿಟ್ಟವುಗಳಲ್ಲಿ ಭಗತ್ ಸಿಂಗ್ ಪುಸ್ತಕ, ಪತ್ರಿಕೆಯ ತುಣುಕುಗಳು, ಸೌಲಭ್ಯ ಕೊಡದಿದ್ದರೆ ಚುನಾವಣೆ ಬಹಿಷ್ಕರಿಸೋಣ ಎಂಬ ಪತ್ರ ಸೇರಿದ್ದವು. ಹುಡುಗ ಕೈಕೋಳ ಹಾಕಿಕೊಂಡೇ ಪರೀಕ್ಷೆ ಬರೆದ. 2021ರ ಅಕ್ಟೋಬರಿನಲ್ಲಿ ಕೋರ್ಟು ಇಬ್ಬರನ್ನೂ ಖುಲಾಸೆ ಮಾಡಿ, ಇಂಥ ಪುಸ್ತಕ ಇಟ್ಟುಕೊಳ್ಳುವುದು ಅಪರಾಧವಲ್ಲ ಎಂದಿತು. ಅವು ಕಾಗದದ ಪುಸ್ತಕಗಳು. ಅದೇ ತರ್ಕಕ್ಕೆ ಈಗ ಒಂದು ಟೆರಾಬೈಟ್ ಡಿಸ್ಕ್ ಸಿಕ್ಕರೆ ಏನೇನು ಹೆಕ್ಕಬಹುದು ಎಂದು ಊಹಿಸಿಕೊಳ್ಳಿ.

ಬಾಯಿ ತೆರೆಯುವ ಮುಂಚೆಯೇ

ನಮ್ಮಲ್ಲಿ ನಿಜವಾದ ತೂಕ ನಡೆಯುವುದು ವಿಚಾರಣೆಯಲ್ಲಲ್ಲ, ಜಾಮೀನಿನ ಹಂತದಲ್ಲಿ ಎಂಬುದು ನನ್ನ ಅಭಿಪ್ರಾಯ. ಮುಂಬೈ ದಾಳಿಯ ಬೆನ್ನಿಗೆ 2008ರಲ್ಲಿ ಯುಎಪಿಎಗೆ ಸೇರಿದ 43ಡಿ(5) ಪ್ರಕಾರ, ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ಜಾಮೀನಿಲ್ಲ. 2019ರ ವಟಾಲಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಈ ಹಂತದಲ್ಲಿ ಸಾಕ್ಷ್ಯವನ್ನು ಬಿಡಿಸಿ ಅಳೆಯಬಾರದು ಎಂದಿತು. ಅಂದರೆ ಚಾರ್ಜ್‌ಶೀಟಿನಲ್ಲಿ ‘ಲ್ಯಾಪ್‌ಟಾಪಿನಲ್ಲಿ ಸಿಕ್ಕಿತು’ ಎಂಬ ಸಾಲಿಗೆ ಪೂರ್ತಿ ತೂಕ, ‘ನನ್ನದಲ್ಲ’ ಎಂಬ ಮಾತಿಗೆ ಜಾಗವೇ ಇಲ್ಲ. 2023ರ ಜುಲೈನಲ್ಲಿ ಭೀಮಾ ಕೋರೆಗಾಂವ್ ಪ್ರಕರಣದ ಆರೋಪಿಗಳಾದ ವೆರ್ನನ್ ಗೊನ್ಸಾಲ್ವಿಸ್ ಮತ್ತು ಅರುಣ್ ಫೆರೇರಾ ಅವರಿಗೆ ಜಾಮೀನು ಕೊಡುವಾಗ ಅದೇ ಕೋರ್ಟು ಬಾಗಿಲನ್ನು ಸ್ವಲ್ಪ ಸರಿಸಿತು: ಸಾಕ್ಷ್ಯದ ಬೆಲೆಯನ್ನು ಮೇಲ್ಪದರದಲ್ಲಾದರೂ ನೋಡಬೇಕು, ಹಿಂಸೆಯನ್ನು ಸಾರುವ ಸಾಹಿತ್ಯ ಬಳಿಯಿತ್ತೆಂಬುದೊಂದೇ ಸಾಲದು. 2024ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟು, ಮೊಬೈಲಿನಲ್ಲಿ ಐಸಿಸ್ ಪ್ರಚಾರ ಸಾಮಗ್ರಿ ಇದ್ದ ಆರೋಪಿಗೆ ಜಾಮೀನು ಕೊಡುತ್ತ, ಯಾರಿಗೂ ಸಿಗುವ ಸರಕನ್ನು ಇಳಿಸಿಕೊಂಡ ಮಾತ್ರಕ್ಕೆ ಅವನು ಸಂಘಟನೆಯವನಾಗುವುದಿಲ್ಲ ಎಂದಿತು. ಎರಡು ಎಳೆಯ ತೀರ್ಪುಗಳೂ ಈಗ ಜೊತೆಜೊತೆಗೇ ಬದುಕಿವೆ. ಯಾವ ಎಳೆ ತನ್ನ ಪಾಲಿಗೆ ಬರುತ್ತದೆ ಎಂಬುದು ಆರೋಪಿಯ ಅದೃಷ್ಟ.

ಇನ್ನೂ ಇತ್ಯರ್ಥವಾಗದ್ದು

ಸಂಖ್ಯೆಯ ಅರ್ಥವೇನು ಎಂಬುದು ಬಗೆಹರಿದಿಲ್ಲ. 67,788 ದಾಖಲೆ ಇಳಿಸಿಕೊಂಡವನು ಅಷ್ಟನ್ನೂ ಓದಿರಲಾರ. ಹಾಗಾದರೆ ಆ ರಾಶಿ ಗೀಳನ್ನು ತೋರುತ್ತದೆಯೋ, ಬರೀ ಗುಡ್ಡೆ ಹಾಕುವ ಚಟವನ್ನೋ? ಲೆಸ್ಟರ್ ನ್ಯಾಯಾಧೀಶರು ಅವನನ್ನು ನಂಬಿ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು, ಡಿಕನ್ಸ್, ಜೇನ್ ಆಸ್ಟಿನ್, ಶೇಕ್ಸ್‌ಪಿಯರ್ ಓದಿಕೊಂಡು ಬಾ ಎಂದರು. ಓದಿದ್ದಾನೆಯೇ ಎಂದು 2022ರ ಜನವರಿಯಲ್ಲಿ ಕೋರ್ಟಿನಲ್ಲೇ ವಿಚಾರಿಸಿಕೊಂಡರು. ಅದೇ ತಿಂಗಳು ಮೇಲ್ಮನವಿ ಕೋರ್ಟು ಆ ನಂಬಿಕೆಯನ್ನು ತಳ್ಳಿ ಎರಡು ವರ್ಷ ಜೈಲಿಗೆ ಕಳಿಸಿತು. ಆಟಿಸಂ ಇರುವ ಹದಿಹರೆಯದವರು ಒಂದೇ ವಿಷಯದ ಸಾಮಗ್ರಿಯನ್ನು ಗೀಳಿನಂತೆ ಕೂಡಿಡುವಾಗ ಉದ್ದೇಶವನ್ನು ಹೇಗೆ ಓದಬೇಕು ಎಂಬ ಪ್ರಶ್ನೆಯೂ ಬ್ರಿಟನ್ನಿನಲ್ಲಿ ಎದ್ದು ನಿಂತಿದೆ.

ಪಾಸ್‌ವರ್ಡ್ ಕೊಡಲೊಲ್ಲದವನನ್ನು ಹೇಗೆ ನೋಡಬೇಕು? ಬೆಂಗಳೂರಿನ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟು 2021ರಲ್ಲಿ, ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದಿತು. ದೆಹಲಿಯ ವಿಶೇಷ ನ್ಯಾಯಾಲಯವೊಂದು ಮರುವರ್ಷ ಇದನ್ನು ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನಿಂದ ಕೊನೆಯ ಮಾತು ಬರಬೇಕಿದೆ.

ಎಲ್ಲಕ್ಕಿಂತ ತೊಡಕಿನದು, ಆರೋಪಿಯ ಕಡೆಯಿಂದ ಯಂತ್ರವನ್ನು ಪರೀಕ್ಷಿಸುವವರು ಯಾರು ಎಂಬುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್, ಡಿಜಿಟಲ್ ದಾಖಲೆಯ ಪ್ರಮಾಣಪತ್ರದಲ್ಲಿ ಹ್ಯಾಷ್ ಸಂಖ್ಯೆ ಬರೆಯಲೇಬೇಕು, ತಜ್ಞನೂ ಸಹಿ ಹಾಕಬೇಕು ಎನ್ನುತ್ತದೆ. ಜಪ್ತಿಯ ಹೊತ್ತಿಗೇ ಹ್ಯಾಷ್ ತೆಗೆದಿಟ್ಟಿದ್ದರೆ, ಆಮೇಲೆ ಕೈ ಹಾಕಿದ್ದು ಅದರಲ್ಲಿ ಸಿಕ್ಕಿಬೀಳುತ್ತದೆ. ಜಪ್ತಿಗೆ ಮೊದಲೇ ತೂರಿಸಿದ್ದನ್ನು ಯಾವ ಹ್ಯಾಷೂ ಹೇಳದು. ಅದಕ್ಕೆ ಡಿಸ್ಕಿನ ಪೂರ್ತಿ ಪ್ರತಿ ಆರೋಪಿಗೆ ಬೇಗ ಸಿಗಬೇಕು, ಅದನ್ನು ಓದಬಲ್ಲ ಪರಿಣತನಿಗೆ ಕೊಡುವಷ್ಟು ದುಡ್ಡೂ ಬೇಕು. ರೋನಾ ವಿಲ್ಸನ್ ಬಂಧನವಾದದ್ದು 2018ರ ಜೂನಿನಲ್ಲಿ, ಬಾಂಬೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿದ್ದು 2025ರ ಜನವರಿಯಲ್ಲಿ. ವಿಚಾರಣೆ ಇನ್ನೂ ಶುರುವಾಗದೆ ಇಷ್ಟು ವರ್ಷ ಒಳಗಿದ್ದಾರೆ ಎಂಬುದೇ ಜಾಮೀನಿಗೆ ಕಾರಣವಾಯಿತು; ಪತ್ರಗಳು ಅಸಲಿಯೋ ನಕಲಿಯೋ ಎಂಬ ಪ್ರಶ್ನೆಯನ್ನು ಆಗಲೂ ಯಾವ ಕೋರ್ಟೂ ಸಾಕ್ಷಿಕಟ್ಟೆಗೆ ತಂದು ಪಾಟೀಸವಾಲಿಗೆ ಒಡ್ಡಿರಲಿಲ್ಲ.